ಆ ಒಂದು ಸಹಿಗೆ ಮುನ್ನ

ಮನೆಯ ಯಜಮಾನ ಅಲ್ಲಾಹನ ಕರೆಗೆ ಓಗೊಟ್ಟು ಹೊರಟುಹೋದಾಗ ಹೆಂಗಸರನ್ನು ದುಃಖದ ಜೊತೆಗೆ ಒಂದು ಭಯವೂ ಕಾಡುತ್ತದೆ. 'ಆಸ್ತಿ ನಮ್ಮ ಹೆಸರಿಗೆ ಬಂದರೆ ಸರಕಾರಕ್ಕೆ ತೆರಿಗೆ ಕಟ್ಟಬೇಕಂತೆ, ಆ ಗೊಡವೆ ನಮಗೇಕೆ?' ಎಂದುಕೊಂಡು ತೋರಿಸಿದಲ್ಲೆಲ್ಲ ಸಹಿ ಹಾಕುವ ಸಹೋದರಿಯರಿದ್ದಾರೆ. ಕೊಡಗಿನ ಕಾಫಿ ತೋಟದ ವಿಷಯದಲ್ಲಿ ಆ ಒಂದು ಸಹಿಯಿಂದ ಕೈತಪ್ಪುವುದು ಸಣ್ಣ ಪಾಲಲ್ಲ.

ಮೊದಲು ಆ ಭಯ ಬಿಡಿ. ಮೃತರ ಆಸ್ತಿಯ ಮೇಲಿನ ತೆರಿಗೆ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಇತ್ತು. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ ಕಾಯ್ದೆ ಅದು. ಇಲ್ಲಿ ಎಸ್ಟೇಟ್ ಎಂದರೆ ಕಾಫಿ ತೋಟವಲ್ಲ, ಮೃತರು ಬಿಟ್ಟುಹೋದ ಸಕಲ ಸೊತ್ತು. 1985ರ ಮಾರ್ಚ್ 16ರಿಂದ ಈಚೆಗೆ ಸಂಭವಿಸಿದ ಮರಣಗಳಿಗೆ ಆ ತೆರಿಗೆ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಂತಹ ಕೆಲವು ರಾಜ್ಯಗಳಲ್ಲಿ ಇಂದಿಗೂ ಇದೆ, ಕರ್ನಾಟಕದಲ್ಲಿ ಇಲ್ಲ.

ಆದರೆ ಮೃತರು ಬದುಕಿದ್ದಾಗ ಗಳಿಸಿದ ಆದಾಯದ ಲೆಕ್ಕ ಬಾಕಿ ಇರಬಹುದು. ಕಾಫಿ, ಕರಿಮೆಣಸು ಬೆಳೆದು ಸಂಸ್ಕರಿಸದೆ ಮಾರಿದ ಹಣ ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹೋಂಸ್ಟೇ ವರಮಾನ, ಅಂಗಡಿ ಬಾಡಿಗೆ, ಬ್ಯಾಂಕಿನ ಬಡ್ಡಿ ಹಾಗಲ್ಲ. ಇವು ಮಿತಿ ಮೀರಿದ್ದರೆ ಮರಣದ ದಿನದವರೆಗಿನ ರಿಟರ್ನನ್ನು ಮೃತರ ಪರವಾಗಿ ವಾರೀಸುದಾರರೊಬ್ಬರು ಸಲ್ಲಿಸಬೇಕು. ಆ ತೆರಿಗೆ ತೀರುವುದು ಮೃತರು ಬಿಟ್ಟ ಸೊತ್ತಿನಿಂದಲೇ. ಸೊತ್ತಿಗಿಂತ ಹೆಚ್ಚಿನ ಹೊರೆ ನಿಮ್ಮ ಮೇಲೆ ಬೀಳುವುದಿಲ್ಲ.

ಇನ್ನು ಕಾಗದ ಪತ್ರಗಳು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆಯಿರಿ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಪತ್ನಿ ಮತ್ತು ಮದುವೆಯಾದ ಹೆಣ್ಣುಮಕ್ಕಳ ಸಹಿತ ಎಲ್ಲರ ಹೆಸರು ಇದೆಯೇ ನೋಡಿ. ನಂತರ ಪೌತಿ ಖಾತೆ. ವಾರೀಸಿನಿಂದ ಬಂದ ಭೂಮಿಯ ಹಕ್ಕನ್ನು ಮೂರು ತಿಂಗಳೊಳಗೆ ತಿಳಿಸಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಆಕೆ ಮನೆಯೊಳಗಿರುವಾಗಲೇ ಈ ಮೂರು ತಿಂಗಳು ಕಳೆದುಹೋಗುತ್ತದೆ. ಓಡಾಟವೆಲ್ಲ ಗಂಡಸರ ಕೈಯಲ್ಲಿರುತ್ತದೆ. ಹೆಚ್ಚಿನವರು ಪ್ರಾಮಾಣಿಕರೇ. ಆದರೂ ಅರ್ಜಿಯನ್ನು ಮನೆಗೆ ತರಿಸಿ, ಓದಿಸಿ, ಅರ್ಥವಾದ ಮೇಲಷ್ಟೇ ಸಹಿ ಮಾಡಿ. 'ಹಕ್ಕು ಬಿಡುಗಡೆ' ಎಂಬ ಪದ ಕಂಡರೆ ನಿಲ್ಲಿಸಿ. ದುಃಖದ ದಿನಗಳಲ್ಲಿ ಅಂಥ ಪತ್ರಕ್ಕೆ ಆತುರವಿಲ್ಲ. ಖಾತೆ ತಡವಾದ ಮಾತ್ರಕ್ಕೆ ವಾರೀಸು ಹಕ್ಕು ಅಳಿಯುವುದಿಲ್ಲ. ಬ್ಯಾಂಕ್ ಠೇವಣಿಯ ನಾಮಿನಿ ಕೂಡಾ ಹಣ ಪಡೆದು ವಾರೀಸುದಾರರಿಗೆ ಒಪ್ಪಿಸಬೇಕಾದವನು, ಅದರ ಮಾಲಿಕನಲ್ಲ.

ಪಾಲು ಎಷ್ಟೆಂಬುದನ್ನು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ನಿಗದಿಪಡಿಸಿದೆ. ಮೊದಲು ಅಂತ್ಯಸಂಸ್ಕಾರದ ವೆಚ್ಚ, ಬಳಿಕ ಸಾಲ. ಸಹಕಾರ ಸಂಘದ ಸಾಲದಂತೆ ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡಾ ಸಾಲವೇ. ಆಮೇಲೆ ಮೂರನೇ ಒಂದಂಶ ಮೀರದ ವಸಿಯ್ಯತ್. ಉಳಿದದ್ದು ವಾರೀಸುದಾರರಿಗೆ. ಮೃತನ ತಂದೆ-ತಾಯಿ ಇಲ್ಲದೆ, ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಎನ್ನೋಣ. 24 ಲಕ್ಷ ಉಳಿದರೆ ಪತ್ನಿಗೆ ಎಂಟನೇ ಒಂದಂಶ, ಅಂದರೆ 3 ಲಕ್ಷ. ಮಗನಿಗೆ ಹತ್ತೂವರೆ ಲಕ್ಷ. ಪ್ರತಿ ಮಗಳಿಗೆ ಐದೂಕಾಲು ಲಕ್ಷ.

ಸಹೋದರಿಯರೇ, ಇದು ಯಾರೋ ದಯೆಯಿಂದ ಕೊಡುವ ದಾನವಲ್ಲ, ಅಲ್ಲಾಹನು ನಿಶ್ಚಯಿಸಿದ ಹಕ್ಕು. ಅದನ್ನು ಕೇಳುವುದು ಜಗಳವಲ್ಲ. ಇಂದೇ ಪತಿಯೊಂದಿಗೆ ಕುಳಿತು ಪಹಣಿ, ಪಾಸ್‌ಬುಕ್, ಸಾಲದ ವಿವರಗಳನ್ನು ಒಂದು ಕಡತದಲ್ಲಿ ಜೋಡಿಸಿಡಿ. ಹಿಂದುಳಿಯುವವರಿಗೆ ಮಾಡುವ ದೊಡ್ಡ ಉಪಕಾರವದು.