ಸಂಚಕಾರ ಕೊಡೋಕ್ಕಿಂತ ಮೊದಲು ಸಿಬಿಲ್ ನೋಡ್ಕೊಳ್ರಿ: ಸ್ಕೋರ್ ಲೆಕ್ಕ ಹಾಕೋದು ಹೆಂಗ?

ಗದಗ: ಮನೆ ನೋಡಿ, ದರ ಮಾತಾಡಿ, ಸಂಚಕಾರ ಕೊಟ್ಟು ಆಮೇಲೆ ಬ್ಯಾಂಕಿಗೆ ಹೋಗುವುದು ನಮ್ಮ ಕಡೆ ರೂಢಿ. ಅಲ್ಲಿ ಮ್ಯಾನೇಜರು 'ಸ್ಕೋರ್ ಕಡಿಮೆ ಐತ್ರಿ' ಅಂದರೆ ಸಾಲವೂ ಇಲ್ಲ, ಕೊಟ್ಟ ಸಂಚಕಾರ ವಾಪಸ್ ಬರೋದೂ ಕಷ್ಟ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಮನೆ ತಗೊಳ್ಳುವವರು ಈ ಲೆಕ್ಕ ಮೊದಲೇ ತಿಳಿದಿದ್ದರೆ ಒಳ್ಳೇದು.

ಮಂದಿ 'ಸಿಬಿಲ್' ಅನ್ನುವುದು 2000ರಲ್ಲಿ ಶುರುವಾದ ಒಂದು ಕಂಪನಿಯ ಹೆಸರು. ಅದರ ಜೊತೆ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ಆರ್‌ಬಿಐ ಪರವಾನಗಿ ಇರುವ ನಾಲ್ಕು ಕಂಪನಿಗಳಿವೆ. ಅಂಕ 300ರಿಂದ 900ರವರೆಗೆ. ನಾಲ್ಕೂ ಕಡೆ ಅಂಕ ಬೇರೆ ಬೇರೆ ಬರಬಹುದು, ಗಾಬರಿ ಬೇಡ. 750 ದಾಟಿದರೆ ಸಾಮಾನ್ಯವಾಗಿ ಬ್ಯಾಂಕಿನವರಿಗೆ ಸಮಾಧಾನ. ಆದರೆ ಇಷ್ಟೇ ಅಂಕ ಇರಬೇಕು ಅಂತ ಆರ್‌ಬಿಐ ನಿಯಮವೇನೂ ಇಲ್ಲ, ಅದು ಆಯಾ ಬ್ಯಾಂಕಿನ ತೀರ್ಮಾನ.

ಹೆಚ್ಚು ತೂಕ ಕಂತು ಕಟ್ಟಿದ ರೀತಿಗೆ. ಕಂತಿನ ದಿನ ಖಾತೆಯಲ್ಲಿ ರೊಕ್ಕ ಇಲ್ಲದೆ ಮೊಬೈಲ್ ಸಾಲದ 1,500 ರೂಪಾಯಿ ಬಾಕಿ ಉಳಿದರೂ ಅದು ದಾಖಲೆಗೆ ಸೇರಬಹುದು. ಎರಡನೆಯದು ಕ್ರೆಡಿಟ್ ಕಾರ್ಡ್ ಬಳಕೆ. ಮಿತಿ 50 ಸಾವಿರ ಇದ್ದು ತಿಂಗಳಾ 45 ಸಾವಿರ ಬಳಸಿದರೆ, ಸರಿಯಾಗಿ ಕಟ್ಟಿದರೂ ಅಂಕ ಇಳಿಯಬಹುದು. ಶೇ 30ರೊಳಗೆ ಇದ್ದರೆ ಚಲೋ. ಒಂದೇ ತಿಂಗಳಲ್ಲಿ ನಾಲ್ಕೈದು ಬ್ಯಾಂಕಿಗೆ ಅರ್ಜಿ ಹಾಕಿದರೂ ಪೆಟ್ಟು. ನಿಮ್ಮ ಸ್ಕೋರ್ ನೀವೇ ನೋಡಿಕೊಂಡರೆ ಮಾತ್ರ ಏನೂ ಇಳಿಯುವುದಿಲ್ಲ.

ನಮ್ಮ ಮಂದಿ ಸಿಕ್ಕಿಬೀಳುವುದು ಜಾಮೀನಿನಲ್ಲಿ. ಗೆಳೆಯನ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿದರೆ ಅವನ ಬಾಕಿ ನಿಮ್ಮ ವರದಿಯಲ್ಲೂ ಕಾಣುತ್ತದೆ. ಇನ್ನೊಂದು 'ಸೆಟಲ್‌ಮೆಂಟ್'. ಅರ್ಧ ಕಟ್ಟಿ ಮುಗಿಸಿದೆ ಅಂತ ನೆಮ್ಮದಿಯಿಂದ ಇರ್ತೀರಿ, ವರದಿಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಇರುತ್ತದೆ. ಗೃಹಸಾಲ ಕೊಡುವವರ ಕಣ್ಣಿಗೆ ಅದು ಕಪ್ಪುಚುಕ್ಕೆ.

ಅಂಗಡಿಕಾರರ ಕಥೆ ಬೇರೆ. ಇಪ್ಪತ್ತು ವರ್ಷ ಸಗಟು ವ್ಯಾಪಾರಿಯ ಉದ್ರಿ ಒಂದು ದಿನವೂ ತಪ್ಪಿಸಿಲ್ಲ, ಚೀಟಿ ರೊಕ್ಕ ಸರಿಯಾಗಿ ಕಟ್ಟಿದ್ದಾರೆ. ಇದ್ಯಾವುದೂ ಸ್ಕೋರ್‌ಗೆ ಬರುವುದಿಲ್ಲ. 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದಾಗ ಸಾಲಗಾರನ ನಡತೆ ಊರಿಗೇ ಗೊತ್ತಿರುತ್ತಿತ್ತು. ಈಗಿನ ಕಂಪ್ಯೂಟರಿಗೆ ಬ್ಯಾಂಕಿನ ದಾಖಲೆ ಬಿಟ್ಟು ಏನೂ ಗೊತ್ತಿಲ್ಲ. ಸಾಲವನ್ನೇ ಮಾಡದವರಿಗೆ ಸಿಬಿಲ್‌ನಲ್ಲಿ ಅಂಕದ ಬದಲು ಮೈನಸ್ 1 ಕಾಣುತ್ತದೆ. ಅದು ಕೆಟ್ಟ ಅಂಕ ಅಲ್ಲ, ಇತಿಹಾಸ ಇಲ್ಲ ಅಂತ ಅರ್ಥ. ಅದೊಂದೇ ಕಾರಣಕ್ಕೆ ಮೊದಲ ಸಲದ ಅರ್ಜಿ ತಿರಸ್ಕರಿಸಬಾರದು ಎಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಇಂಥವರು ಐಟಿ ರಿಟರ್ನ್, ಖಾತೆಯ ವಹಿವಾಟು ತೋರಿಸಿ ಮಾತಾಡಬೇಕು.

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ಅವರ ವೆಬ್‌ಸೈಟಿನಲ್ಲೇ ತಗೊಳ್ರಿ. ತೀರಿಸಿದ ಸಾಲ ಬಾಕಿ ಅಂತ ಇದ್ದರೆ ಅಲ್ಲೇ ದೂರು ಹಾಕಬಹುದು, ಅದಕ್ಕೂ ಶುಲ್ಕವಿಲ್ಲ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಇದೆ. 'ಸ್ಕೋರ್ ಏರಿಸಿ ಕೊಡ್ತೀವಿ' ಅಂತ ರೊಕ್ಕ ಕೇಳುವವರನ್ನು ನಂಬಬೇಡ್ರಿ; ನಿಜವಾದ ಬಾಕಿಯನ್ನು ಯಾವ ಏಜೆಂಟನೂ ಅಳಿಸಲಾರ.

ಗಂಡ-ಹೆಂಡತಿ ಜಂಟಿ ಸಾಲ ಕೇಳುವುದಾದರೆ ಬ್ಯಾಂಕು ಇಬ್ಬರ ಸ್ಕೋರನ್ನೂ ನೋಡುತ್ತದೆ, ಎರಡೂ ವರದಿ ತೆಗೆಸಿಟ್ಟುಕೊಳ್ಳಿ.