ದಂಡದ ಹಣವನ್ನು ಒಲ್ಲೆನೆಂದ ಮಿಷನ್ನು

ಫಿರಂಗಿಯ ಬೆನ್ನಹಿಂದೆ ಬಂದ ಧರ್ಮಬೋಧೆಯನ್ನು ಜನರು ಸಂಶಯದಿಂದ ನೋಡುವುದು ಸಹಜವು. ಚೀನಾ ದೇಶದಲ್ಲಿ ದುಡಿದ ಚೈನಾ ಇನ್‌ಲ್ಯಾಂಡ್ ಮಿಷನ್ನಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಹಡ್ಸನ್ ಟೇಲರ್ ಎಂಬವರು 1865ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಸ್ಥಾಪಿಸಿದರು. ಪ್ರಾಟೆಸ್ಟೆಂಟರ ಬೇರೆಬೇರೆ ಪಂಗಡಗಳವರಿಗೂ ಇದರಲ್ಲಿ ಪ್ರವೇಶವಿದ್ದಿತು. ಗೊತ್ತಾದ ಸಂಬಳವಿಲ್ಲ, ಚಂದಾ ಬೇಡುವಂತಿಲ್ಲ, ಸಾಲ ಮಾಡುವಂತಿಲ್ಲ. ಪ್ರಚಾರಕರು ಚೀನೀಯರ ಉಡುಪನ್ನೇ ತೊಟ್ಟು, ಅವರ ಭಾಷೆಯನ್ನೇ ಕಲಿತು ಒಳನಾಡನ್ನು ಹೊಕ್ಕರು. ಆದರೆ ಆ ಒಳನಾಡಿನ ಬಾಗಿಲನ್ನು ತೆರೆದುದು ಅಫೀಮಿನ ಯುದ್ಧಗಳೂ ಅವುಗಳಿಂದ ಹುಟ್ಟಿದ ಕೌಲುಕರಾರುಗಳೂ ಅಲ್ಲವೆ? ಆ ಅಫೀಮಿನ ಬಹುಪಾಲು ಬೆಳೆದುದು ನಮ್ಮ ಹಿಂದೂಸ್ಥಾನದ ನೆಲದಲ್ಲಿಯೇ! 1868ರಲ್ಲಿ ಯಾಂಗ್‌ಚೌ ಪಟ್ಟಣದಲ್ಲಿ ದೊಂಬಿಯೆದ್ದು ಟೇಲರರ ಮನೆಯು ಲೂಟಿಯಾಗಲು, ಬ್ರಿಟಿಷ್ ಕಾನ್ಸಲನು ಯುದ್ಧನೌಕೆಗಳ ಬಲದಿಂದ ಚೀನೀ ಅಧಿಕಾರಿಗಳನ್ನು ಮಣಿಸಿದನು. ಚೀನೀ ಉಡುಪಿನ ಹಿಂದೆ ಜನರಿಗೆ ಆ ನೌಕೆಗಳೇ ಕಂಡುದರಲ್ಲಿ ಆಶ್ಚರ್ಯವೇನು?

1900ರ ಬಾಕ್ಸರ್ ದಂಗೆಯಲ್ಲಿ ಈ ಮಿಷನ್ನಿನ 58 ಮಂದಿ ವಯಸ್ಕರೂ 21 ಮಂದಿ ಮಕ್ಕಳೂ ಹತರಾದರು. ಪರರಾಷ್ಟ್ರಗಳು ಚೀನಾದ ಮೇಲೆ 45 ಕೋಟಿ ಟೇಲ್ ತೂಕದ ಬೆಳ್ಳಿಯನ್ನು ದಂಡವಾಗಿ ಹೇರಿದವು. ಮಿಷನ್ನಾದರೋ, ಪ್ರಾಣಹಾನಿಗಾಗಲಿ ಆಸ್ತಿನಷ್ಟಕ್ಕಾಗಲಿ ಒಂದು ಕಾಸನ್ನೂ ಒಲ್ಲೆನೆಂದಿತು.

ಮತಾಂತರದ ವಿಷಯದಲ್ಲಿ ನಮ್ಮ ಅಭಿಪ್ರಾಯವು ಏನೇ ಇರಲಿ, ಈ ನಿರಾಕರಣೆಯನ್ನು ಮೆಚ್ಚದಿರಲಾಗದು. 1949ರ ಕ್ರಾಂತಿಯ ತರುವಾಯ ವಿದೇಶೀ ಪ್ರಚಾರಕರು ಚೀನಾವನ್ನು ಬಿಡಬೇಕಾಯಿತು. ಅಲ್ಲಿಯ ಕ್ರೈಸ್ತಸಭೆಗಳು ಮಾತ್ರ ಅಳಿಯಲಿಲ್ಲ. ಅವುಗಳನ್ನು ಉಳಿಸಿಕೊಂಡವರು ಚೀನೀಯರೇ ಹೊರತು ನೌಕಾಪತಿಗಳಲ್ಲ. ಯಾವ ಮತದ ಪ್ರಚಾರಕರಿಗಾದರೂ ಇದು ಪಾಠವಾಗತಕ್ಕುದು.