ಬರಿಗಾಲಿನಿಂದ ಬರುವ ಹುಳು, ರಕ್ತದಲ್ಲಿ ಸಿಗುವ ಸುಳಿವು

ಹೊಟ್ಟೆಯ ಹುಳುವೆಂದರೆ ಮಕ್ಕಳಿಗೆ ಮಾತ್ರ ಬರುವ ತೊಂದರೆಯೆಂದು ನಮ್ಮಲ್ಲಿ ಅನೇಕರು ಭಾವಿಸಿರುತ್ತೇವೆ. ಫೆಬ್ರವರಿ 10 ಹಾಗೂ ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ನೀಡುವುದನ್ನು ಕಂಡು, ಅಲ್ಲಿಗೆ ಈ ವಿಷಯ ಮುಗಿಯಿತೆಂದುಕೊಳ್ಳುತ್ತೇವೆ. ಆದರೆ ಹೊಲಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿದ ಹಿರಿಯರ ಕರುಳಿನಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಉಳಿಯಬಲ್ಲ ಹುಳುವೊಂದಿದೆ. ಅದರ ಹೆಸರು ಸ್ಟ್ರಾಂಜಿಲಾಯ್ಡಿಸ್. ಜಗತ್ತಿನ 30 ಕೋಟಿಯಿಂದ 60 ಕೋಟಿ ಜನರಲ್ಲಿ ಇದು ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕೇವಲ 2 ಮಿಲಿಮೀಟರಿನಷ್ಟು ಉದ್ದದ ಈ ಹುಳುವಿನ ಮರಿಗಳು ಮಲದಿಂದ ಕಲುಷಿತವಾದ ಹಸಿಮಣ್ಣಿನಲ್ಲಿದ್ದು, ಪಾದದ ಚರ್ಮವನ್ನು ಭೇದಿಸಿ ಒಳಸೇರುತ್ತವೆ. ರಕ್ತದ ಮೂಲಕ ಶ್ವಾಸಕೋಶವನ್ನು ತಲುಪಿ, ಗಂಟಲಿಗೇರಿ, ಅಲ್ಲಿಂದ ನುಂಗಲ್ಪಟ್ಟು ಸಣ್ಣಕರುಳಿನಲ್ಲಿ ನೆಲೆಸುತ್ತವೆ. ಉಳಿದ ಜಂತುಹುಳುಗಳಿಗೆ ಆಯುಷ್ಯದ ಮಿತಿಯಿದೆ. ಸ್ಟ್ರಾಂಜಿಲಾಯ್ಡಿಸ್ ಹಾಗಲ್ಲ, ಅದರ ಕೆಲವು ಮರಿಗಳು ಹೊರಬೀಳದೆ ಅದೇ ದೇಹವನ್ನು ಮತ್ತೆ ಪ್ರವೇಶಿಸಿ ಸಂತತಿಯನ್ನು ಮುಂದುವರಿಸುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು ಬರ್ಮಾ-ಥಾಯ್ಲೆಂಡ್ ರೈಲುಮಾರ್ಗದಲ್ಲಿ ದುಡಿದ ಬ್ರಿಟಿಷ್ ಹಾಗೂ ಆಸ್ಟ್ರೇಲಿಯಾದ ಸೈನಿಕರಲ್ಲಿ, ಅವರು ಊರು ಸೇರಿ 30 ವರ್ಷ ಕಳೆದ ಮೇಲೆಯೂ ಈ ಹುಳು ಜೀವಂತವಾಗಿರುವುದು ಕಂಡುಬಂದಿತು.

ದೇಹದ ರೋಗನಿರೋಧಕ ಶಕ್ತಿ ಸರಿಯಿರುವವರೆಗೆ ಹುಳುಗಳ ಸಂಖ್ಯೆ ಹತೋಟಿಯಲ್ಲಿರುತ್ತದೆ. ಆಗಾಗ್ಗೆ ಹೊಟ್ಟೆನೋವು, ಚರ್ಮದ ತುರಿಕೆ, ಕೆಮ್ಮು ಕಾಣಿಸಬಹುದು; ಏನೂ ಕಾಣಿಸದೆಯೂ ಇರಬಹುದು. ಆದರೆ ಆಸ್ತಮಾ, ಕೀಲುವಾತ, ಮೂತ್ರಪಿಂಡದ ಕಾಯಿಲೆಗಳಿಗಾಗಿ ಸ್ಟಿರಾಯ್ಡ್ ಔಷಧ ಆರಂಭಿಸಿದಾಗ ಈ ಹತೋಟಿ ತಪ್ಪುತ್ತದೆ. ಮರಿಹುಳುಗಳು ಅಸಂಖ್ಯವಾಗಿ ವೃದ್ಧಿಸಿ ದೇಹವೆಲ್ಲ ಹರಡುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳೂ ಅವುಗಳೊಡನೆ ರಕ್ತವನ್ನು ಸೇರುತ್ತವೆ. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಈ ಸ್ಥಿತಿ ಬಹುಮಟ್ಟಿಗೆ ಪ್ರಾಣಾಂತಕ. ಕೋವಿಡ್ ಕಾಲದಲ್ಲಿ ಡೆಕ್ಸಾಮೆಥಾಸೋನ್ ಬಳಕೆ ಹೆಚ್ಚಿದಾಗ ತಜ್ಞರು ಈ ಅಪಾಯವನ್ನು ಕುರಿತು ಎಚ್ಚರಿಸಿದ್ದು ಇದೇ ಕಾರಣದಿಂದ.

ಹಾಗಾದರೆ ಮಲಪರೀಕ್ಷೆ ಸಾಲದೇ ಎಂಬ ಪ್ರಶ್ನೆ ಸಹಜ. ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಯಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವು ಸುಲಭವಾಗಿ ಕಾಣುತ್ತವೆ. ಸ್ಟ್ರಾಂಜಿಲಾಯ್ಡಿಸ್‌ನ ಮೊಟ್ಟೆಗಳಾದರೋ ಕರುಳಿನಲ್ಲಿಯೇ ಒಡೆಯುತ್ತವೆ. ಮಲದಲ್ಲಿ ಬರುವುದು ಕೆಲವೇ ಮರಿಗಳು, ಅದೂ ದಿನವೂ ಅಲ್ಲ. ಒಂದೇ ಸಲದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸೋಂಕುಗಳು ತಪ್ಪಿಹೋಗಬಹುದು.

ಇಲ್ಲಿ ನೆರವಿಗೆ ಬರುವುದೇ ಪ್ರತಿಕಾಯಗಳ ರಕ್ತಪರೀಕ್ಷೆ. ಹುಳುವಿನ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯಗಳು ರಕ್ತದಲ್ಲಿರುತ್ತವೆ. ಪ್ರಯೋಗಾಲಯದಲ್ಲಿ ಎಲಿಸಾ ವಿಧಾನದಿಂದ ಅವನ್ನು ಪತ್ತೆಹಚ್ಚುತ್ತಾರೆ. ಕ್ಷಿಪ್ರ ಪರೀಕ್ಷೆಯಲ್ಲಿ ಹುಳುವಿನ ಪ್ರೋಟೀನನ್ನು ಲೇಪಿಸಿದ ಪಟ್ಟಿಯ ಮೇಲೆ ರಕ್ತದ ಹನಿಯನ್ನು ಹಾಕಿದರೆ, ಪ್ರತಿಕಾಯವಿದ್ದಲ್ಲಿ ಕೆಲವೇ ನಿಮಿಷಗಳಲ್ಲಿ ಬಣ್ಣದ ಗೆರೆ ಮೂಡುತ್ತದೆ. ಇಂತಹ ಪರೀಕ್ಷೆ ಇನ್ನೂ ಎಲ್ಲ ಊರುಗಳಲ್ಲಿ ದೊರೆಯುವುದಿಲ್ಲ.

ಇದರ ಮಿತಿಗಳನ್ನೂ ನಾವು ಅರಿತಿರಬೇಕು. ಪ್ರತಿಕಾಯವೆಂಬುದು ಹುಳುವಿನ ಹೆಜ್ಜೆಗುರುತು; ಹುಳುವೇ ಅಲ್ಲ. ಹುಳು ಸತ್ತ ಮೇಲೂ ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಆನೆಕಾಲು ರೋಗದ ಹುಳುವಿನ ಸೋಂಕಿದ್ದರೂ ಪರೀಕ್ಷೆ ತಪ್ಪಾಗಿ ಗೆರೆ ತೋರಬಹುದು. ಆ ರೋಗವಿರುವ ಕಲಬುರಗಿ, ಬೀದರ, ಯಾದಗಿರಿ ಸೀಮೆಯವರು ಇದನ್ನು ನೆನಪಿಡಬೇಕು. ನಿರೋಧಕ ಶಕ್ತಿ ಈಗಾಗಲೇ ಕುಂದಿದವರಲ್ಲಿ ಹುಳುವಿದ್ದರೂ ಗೆರೆ ಮೂಡದಿರಬಹುದು. ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳ ಪತ್ತೆಗೆ ಇಂದಿಗೂ ಮಲಪರೀಕ್ಷೆಯೇ ಆಧಾರ. ಆದ್ದರಿಂದ ಪ್ರತಿಯೊಂದು ಹೊಟ್ಟೆನೋವಿಗೂ ಈ ರಕ್ತಪರೀಕ್ಷೆಗೆ ಹಣ ವ್ಯಯಿಸುವುದು ಉಚಿತವಲ್ಲ.

ಉಚಿತವಾದ ಸಂದರ್ಭವೆಂದರೆ ಸ್ಟಿರಾಯ್ಡ್ ಚಿಕಿತ್ಸೆ ಅಥವಾ ಅಂಗಾಂಗ ಕಸಿಗೆ ಮೊದಲು. ಆಗ ವೈದ್ಯರಿಗೆ, “ನಾನು ಬಹುಕಾಲ ಬರಿಗಾಲಿನಲ್ಲಿ ಹೊಲದ ಕೆಲಸ ಮಾಡಿದ್ದೇನೆ” ಎಂಬುದನ್ನು ತಪ್ಪದೆ ತಿಳಿಸಬೇಕು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಈಯೋಸಿನೋಫಿಲ್ ಎಂಬ ಬಿಳಿರಕ್ತಕಣಗಳು ಹೆಚ್ಚಿದ್ದರೆ ಅದನ್ನೂ ತೋರಿಸಬೇಕು. ಆದರೆ ಅವು ಹೆಚ್ಚಿಲ್ಲವೆಂಬ ಮಾತ್ರಕ್ಕೆ ಹುಳುವಿಲ್ಲವೆನ್ನಲಾಗದು. ಸೋಂಕು ಖಚಿತವಾದರೆ ಐವರ್‌ಮೆಕ್ಟಿನ್ ಪರಿಣಾಮಕಾರಿ ಔಷಧ. ಅದರ ಪ್ರಮಾಣವನ್ನು ದೇಹದ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಆಲ್ಬೆಂಡಜೋಲಿನ ಒಂದು ಮಾತ್ರೆಯಿಂದ ಈ ಹುಳು ಹೋಗುವುದಿಲ್ಲ.

ಹೊಲಕ್ಕಿಳಿಯುವಾಗ ಪಾದರಕ್ಷೆ, ಮನೆಯಲ್ಲಿ ಶೌಚಾಲಯದ ಬಳಕೆ ಇವೆರಡೇ ಈ ಹುಳುವಿನ ಹಾದಿಯನ್ನು ಮುಚ್ಚುವ ಉಪಾಯಗಳು. ಮನೆಯ ಹಿರಿಯರಿಗೆ ವೈದ್ಯರು ಸ್ಟಿರಾಯ್ಡ್ ಬರೆದುಕೊಟ್ಟಾಗ, ಜೊತೆಗೆ ಹೋದವರು ಹುಳುವಿನ ಪರೀಕ್ಷೆಯ ಅಗತ್ಯವಿದೆಯೇ ಎಂದು ಒಂದು ಮಾತು ಕೇಳುವುದನ್ನು ಮರೆಯಬಾರದು.